ಹಳೆಯ ಕಾರುಗಳಲ್ಲಿ ಅತಿಬಿಸಿಯ ನಂತರ ಎಂಜಿನ್ ತಡವರಿಸುವಿಕೆ: ಕಾರಣ ಪತ್ತೆ ಹಾಗೂ ನೋಂದಣಿ ನವೀಕರಣಕ್ಕೆ ಮುನ್ನ ಕೈಗೊಳ್ಳಬೇಕಾದ ಕ್ರಮಗಳು

ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಮೋಟಾರು ವಾಹನಗಳ ಕಾಯ್ದೆ, 1988ರ 41ನೇ ಪ್ರಕರಣದ ಮೇರೆಗೆ ಸ್ವಂತ ಬಳಕೆಯ ಕಾರಿನ ನೋಂದಣಿಯು 15 ವರ್ಷಗಳ ಅವಧಿಗೆ ಊರ್ಜಿತವಾಗಿರುತ್ತದೆ. ತದನಂತರ ವಾಹನವನ್ನು ತಪಾಸಣೆಗೆ ಒಳಪಡಿಸಿ, ಪ್ರತಿ ಬಾರಿ 5 ವರ್ಷಗಳ ಅವಧಿಗೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕಾಗುತ್ತದೆ. ಈ ಹಂತ ತಲುಪಿದ ಕಾರುಗಳಲ್ಲಿ ಪದೇ ಪದೇ ಕಂಡುಬರುವ ದೋಷವೊಂದರ ಕುರಿತು ಅರ್ಜಿದಾರರಿಗೆ ತಿಳಿವಳಿಕೆ ನೀಡುವುದು ಈ ಪುಟದ ಉದ್ದೇಶವಾಗಿದೆ.

ದೋಷದ ಸ್ವರೂಪ ಇಂತಿದೆ. ಘಟ್ಟದ ಏರಿನಲ್ಲಿ ಅಥವಾ ನಗರದ ವಾಹನ ದಟ್ಟಣೆಯಲ್ಲಿ ಕಾರು ಒಮ್ಮೆ ಅತಿಯಾಗಿ ಬಿಸಿಯಾಗುತ್ತದೆ. ನೀರು ತುಂಬಿಸಿದ ಮೇಲೆ ಮತ್ತೆ ಓಡುತ್ತದೆ. ಆದರೆ ಅಂದಿನಿಂದ ಆಕ್ಸಿಲರೇಟರ್ ತುಳಿದಾಗ ಎಂಜಿನ್ ಕ್ಷಣಕಾಲ ತಡವರಿಸಿ, ಜಗ್ಗಿದಂತಾಗಿ, ನಂತರ ವೇಗ ಪಡೆಯುತ್ತದೆ. ಇದನ್ನು ಇಂಧನದ ತೊಂದರೆ ಎಂದು ಭಾವಿಸಿ ಕಾರ್ಬ್ಯುರೇಟರ್ ತೊಳೆಸುವುದು, ಪ್ಲಗ್ ಬದಲಿಸುವುದು, ಹೊಗೆ ತಪಾಸಣೆಯಲ್ಲಿ ತೇರ್ಗಡೆಯಾಗುವಂತೆ ಟ್ಯೂನಿಂಗ್ ಮಾಡಿಸುವುದು ರೂಢಿಯಲ್ಲಿದೆ. ಇವುಗಳಿಂದ ಕೆಲವು ದಿನ ಸಮಾಧಾನ ದೊರೆತರೂ ಮೂಲ ಕಾರಣವು ಹಾಗೆಯೇ ಉಳಿದು, ಚಿಕ್ಕ ದುರಸ್ತಿಯಲ್ಲಿ ಮುಗಿಯಬೇಕಾದ ಕೆಲಸವು ಎಂಜಿನ್ ಬದಲಾವಣೆಯವರೆಗೆ ಹೋಗುವ ಸಂಭವವಿರುತ್ತದೆ. ಆದ್ದರಿಂದ ಅತಿಬಿಸಿಯ ನಂತರ ತಡವರಿಸುವ ಎಂಜಿನ್‌ನಲ್ಲಿ ಮೊದಲು ನೀರಿನ ಲೆಕ್ಕ ನೋಡತಕ್ಕದ್ದು. ಬೆಂಕಿಕಿಡಿ, ಗಾಳಿ ಮತ್ತು ಇಂಧನಗಳನ್ನು ಆ ನಂತರ ಪರಿಶೀಲಿಸತಕ್ಕದ್ದು.

2. ಕಾರು ಅತಿಬಿಸಿಯಾದ ಕೂಡಲೇ ಪಾಲಿಸಬೇಕಾದ ಸೂಚನೆಗಳು

(1) ಹವಾನಿಯಂತ್ರಣವನ್ನು ನಿಲ್ಲಿಸಿ, ಸುರಕ್ಷಿತ ಸ್ಥಳದಲ್ಲಿ ವಾಹನವನ್ನು ರಸ್ತೆಯ ಅಂಚಿಗೆ ತಂದು ಎಂಜಿನ್ ಬಂದ್ ಮಾಡುವುದು. ನಿಲ್ಲಿಸಲು ಸ್ಥಳ ದೊರೆಯುವವರೆಗೆ ಹೀಟರ್ ಇರುವ ಕಾರುಗಳಲ್ಲಿ ಅದನ್ನು ಪೂರ್ಣ ತೆರೆದಿಟ್ಟರೆ ಎಂಜಿನ್‌ನ ಶಾಖ ಸ್ವಲ್ಪ ಮಟ್ಟಿಗೆ ಹೊರಹೋಗುತ್ತದೆ.

(2) ರೇಡಿಯೇಟರ್ ಮುಚ್ಚಳವನ್ನು ಬಿಸಿಯಿರುವಾಗ ಯಾವುದೇ ಕಾರಣಕ್ಕೂ ತೆರೆಯತಕ್ಕದ್ದಲ್ಲ. ಮುಚ್ಚಳವು ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ತಕ್ಷಣ ಒತ್ತಡ ಇಳಿದು, ಆ ನೀರು ಹಬೆಯಾಗಿ ಮುಖಕ್ಕೂ ಕೈಗೂ ಸಿಡಿಯುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಕಾದು, ಮೇಲಿನ ಹೋಸ್ ಪೈಪು ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಮೇಲೆ, ದಪ್ಪ ಬಟ್ಟೆ ಹಾಕಿ ಹಂತ ಹಂತವಾಗಿ ತೆರೆಯುವುದು.

(3) ವಿದ್ಯುತ್ ಫ್ಯಾನ್ ಇರುವ ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಫ್ಯಾನ್ ತಾನಾಗಿ ತಿರುಗಬಹುದು. ಬೆರಳು, ಸೆರಗು, ಶಾಲುಗಳನ್ನು ದೂರವಿಡುವುದು.

(4) ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯತಕ್ಕದ್ದಲ್ಲ. ನೀರು ಬತ್ತಿದ ಬಿಸಿ ಎಂಜಿನ್‌ನೊಳಗೆ ತಣ್ಣೀರು ಹೊಯ್ದರೂ ಲೋಹ ಸೀಳುವ ಅಪಾಯವಿದೆ.

(5) ಉಷ್ಣಮಾಪಕದ ಮುಳ್ಳು ಇಳಿದ ಮಾತ್ರಕ್ಕೆ ಎಂಜಿನ್ ತಣ್ಣಗಾಯಿತೆಂದು ತಿಳಿಯತಕ್ಕದ್ದಲ್ಲ. ನೀರು ಪೂರ್ತಿ ಹೊರಹೋಗಿದ್ದಲ್ಲಿ ಮಾಪಕದ ಸಂವೇದಕವು ನೀರಿನ ಸಂಪರ್ಕವಿಲ್ಲದೆ ತಪ್ಪಾಗಿ ಕಡಿಮೆ ಉಷ್ಣತೆಯನ್ನು ತೋರಿಸಬಹುದು.

3. ಅತಿಬಿಸಿಯಿಂದ ಎಂಜಿನ್‌ಗೆ ಆಗುವ ಹಾನಿ

ಹಳೆಯ ಪೆಟ್ರೋಲ್ ಕಾರುಗಳ ಪೈಕಿ ಅನೇಕವುಗಳಲ್ಲಿ ಎಂಜಿನ್ ಬ್ಲಾಕ್ ಎರಕದ ಕಬ್ಬಿಣದ್ದಾಗಿದ್ದು, ಸಿಲಿಂಡರ್ ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದ್ದಾಗಿರುತ್ತದೆ. ಒಂದೇ ಪ್ರಮಾಣದ ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಇವೆರಡರ ನಡುವಿನ ಹೆಡ್ ಗ್ಯಾಸ್ಕೆಟ್ ಈ ಎಳೆದಾಟವನ್ನು ಒಂದು ಮಿತಿಯವರೆಗೆ ಮಾತ್ರ ತಡೆದುಕೊಳ್ಳುತ್ತದೆ. ಮಿತಿ ಮೀರಿದಾಗ ಹೆಡ್ ಬಾಗುತ್ತದೆ ಅಥವಾ ಗ್ಯಾಸ್ಕೆಟ್ ಸುಡುತ್ತದೆ. ಆಗ ಸಿಲಿಂಡರಿನ ಒತ್ತಡವು ನೀರಿನ ದಾರಿಗೆ ನುಗ್ಗುತ್ತದೆ, ಇಲ್ಲವೇ ನೀರು ಸಿಲಿಂಡರಿಗೆ ಇಳಿಯುತ್ತದೆ.

1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರ 796 ಘನ ಸೆಂಟಿಮೀಟರ್ ಎಂಜಿನ್‌ಗೆ ಇರುವುದು ಮೂರೇ ಸಿಲಿಂಡರ್. ಅವುಗಳಲ್ಲಿ ಒಂದು ದುರ್ಬಲವಾದರೂ ಶಕ್ತಿಯ ಮೂರನೆಯ ಒಂದು ಭಾಗ ಕುಂದುತ್ತದೆ. ಶಿರಾಡಿ, ಚಾರ್ಮಾಡಿ ಅಥವಾ ಆಗುಂಬೆ ಘಟ್ಟದಲ್ಲಿ ಲಾರಿಯನ್ನು ಹಿಂದಿಕ್ಕುವ ಹೊತ್ತಿನಲ್ಲಿ ಎಂಜಿನ್ ಹೀಗೆ ತಡವರಿಸಿದರೆ ಅದು ಪ್ರಾಣಕ್ಕೆ ಎರವಾಗಬಲ್ಲದು ಎಂಬುದನ್ನು ವಾಹನ ಮಾಲೀಕರು ಮರೆಯಬಾರದು.

ಗ್ಯಾಸ್ಕೆಟ್ ಸುಸ್ಥಿತಿಯಲ್ಲಿದ್ದರೂ ಶಾಖವು ಪ್ಲಗ್ ವೈರುಗಳ ಹೊದಿಕೆ, ಡಿಸ್ಟ್ರಿಬ್ಯೂಟರ್ ಮುಚ್ಚಳ, ಇಗ್ನಿಷನ್ ಕಾಯಿಲ್, ನಿರ್ವಾತ ಕೊಳವೆಗಳು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹಾಗೂ ಶೀತಕದ ಉಷ್ಣ ಸಂವೇದಕಗಳಿಗೆ ಧಕ್ಕೆ ತರಬಹುದು. ಇವುಗಳಲ್ಲಿ ಯಾವುದೊಂದು ಕೆಟ್ಟರೂ ಚಾಲಕನಿಗೆ ಕಾಣುವ ಲಕ್ಷಣ ಒಂದೇ ಬಗೆಯದು. ಆದ್ದರಿಂದ ಊಹೆಯ ಮೇಲೆ ಬಿಡಿಭಾಗ ಬದಲಿಸದೆ ಕ್ರಮವಾಗಿ ಪರೀಕ್ಷಿಸುವುದು ಮಿತವ್ಯಯಕಾರಿ.

4. ಮೊದಲ ಹಂತ: ನೀರಿನ ಲೆಕ್ಕ

ಈ ಪರೀಕ್ಷೆಗಳನ್ನು ಬೆಳಿಗ್ಗೆ, ಎಂಜಿನ್ ಪೂರ್ಣ ತಣ್ಣಗಿರುವಾಗ ಮಾಡುವುದು.

(1) ರೇಡಿಯೇಟರ್ ಮತ್ತು ಹೆಚ್ಚುವರಿ ತೊಟ್ಟಿಯ ಮಟ್ಟವನ್ನು ಗುರುತು ಮಾಡಿ, ಮೂರು ದಿನಗಳ ಓಡಾಟದ ನಂತರ ಮತ್ತೆ ನೋಡುವುದು. ಮಟ್ಟ ಇಳಿದಿದ್ದು, ನೆಲದ ಮೇಲೆ ತೊಟ್ಟಿಕ್ಕಿದ ಕಲೆ ಇಲ್ಲದಿದ್ದಲ್ಲಿ, ಹೀಟರ್ ಇರುವ ಕಾರುಗಳಲ್ಲಿ ಒಳಗಿನ ನೆಲಹಾಸು ಒದ್ದೆಯಾಗಿದೆಯೇ ಎಂದೂ ನೋಡುವುದು. ಎಲ್ಲಿಯೂ ಸೋರಿಕೆ ಕಾಣದಿದ್ದರೆ ನೀರು ಎಂಜಿನ್ ಒಳಗೇ ಹೋಗುತ್ತಿದೆ ಎಂದು ಶಂಕಿಸತಕ್ಕದ್ದು.

(2) ಡಿಪ್‌ಸ್ಟಿಕ್ ತೆಗೆದು ಆಯಿಲ್ ನೋಡುವುದು. ಅದು ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿದೆ. ಅಂತಹ ಎಂಜಿನ್ನನ್ನು ಚಾಲನೆ ಮಾಡತಕ್ಕದ್ದಲ್ಲ. ಮಳೆಗಾಲದಲ್ಲಿ ಅಲ್ಪ ದೂರ ಓಡುವ ಕಾರುಗಳ ಆಯಿಲ್ ಮುಚ್ಚಳದ ಅಡಿಯಲ್ಲಿ ಮಾತ್ರ ತೆಳುವಾದ ಬಿಳಿ ನೊರೆ ಕಾಣಿಸಬಹುದು. ಡಿಪ್‌ಸ್ಟಿಕ್ ಶುದ್ಧವಾಗಿದ್ದಲ್ಲಿ ಆ ನೊರೆಯೊಂದರಿಂದಲೇ ಗಾಬರಿಪಡಬೇಕಾಗಿಲ್ಲ.

(3) ತಣ್ಣನೆಯ ಎಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೆದು, ನೀರನ್ನು ಅಂಚಿನವರೆಗೆ ತುಂಬಿಸಿ, ಎಂಜಿನ್ ಚಾಲೂ ಮಾಡಿ ಒಂದೆರಡು ನಿಮಿಷ ನೋಡುವುದು. ಆರಂಭದಲ್ಲಿ ಒಂದೆರಡು ಗುಳ್ಳೆ ಏಳುವುದು ಸಹಜ. ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ, ಅಥವಾ ಮುಚ್ಚಳ ಹಾಕಿದ ಕೆಲವೇ ನಿಮಿಷಗಳಲ್ಲಿ, ಎಂಜಿನ್ ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಬಿಗಿಯಾದರೆ, ಸಿಲಿಂಡರಿನ ಅನಿಲ ನೀರಿಗೆ ಸೇರುತ್ತಿದೆ ಎಂದರ್ಥ.

(4) ಬೆಳಗಿನ ಚಳಿಯಲ್ಲಿ ಹೊಗೆಕೊಳವೆಯಿಂದ ಬಿಳಿ ಆವಿ ಬರುವುದು ಸಹಜ. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಅದು ಶೀತಕ ದ್ರವ ಉರಿಯುತ್ತಿರುವ ಲಕ್ಷಣ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಟ್ಟು ನೋಡಿದಾಗ, ಉಳಿದವುಗಳ ತುದಿ ಕಂದು ಬಣ್ಣದ್ದಾಗಿದ್ದು ಒಂದು ಮಾತ್ರ ತೊಳೆದಂತೆ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ನೀರು ಇಳಿಯುತ್ತಿರುವ ಸಾಧ್ಯತೆ ಹೆಚ್ಚು.

ಮೇಲ್ಕಂಡ ಯಾವುದೇ ಲಕ್ಷಣ ಕಂಡಲ್ಲಿ ವರ್ಕ್‌ಶಾಪಿನಲ್ಲಿ ಸಂಪೀಡನ ಪರೀಕ್ಷೆಯನ್ನೂ ರೇಡಿಯೇಟರ್ ಒತ್ತಡ ಪರೀಕ್ಷೆಯನ್ನೂ ಮಾಡಿಸುವುದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಸಮನಾಗಿ ದುರ್ಬಲವಾಗಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆಯಿದೆ. ಹೆಡ್ ಬಿಚ್ಚಿದ ಮೇಲೆ ಅದರ ಸಮತಲವನ್ನು ನೇರಪಟ್ಟಿ ಮತ್ತು ಫೀಲರ್ ಗೇಜ್‌ನಿಂದ ಅಳೆಯದೆ ಹೊಸ ಗ್ಯಾಸ್ಕೆಟ್ ಕೂರಿಸಲು ಒಪ್ಪತಕ್ಕದ್ದಲ್ಲ. ಚಿಕ್ಕ ಎಂಜಿನ್‌ಗಳಲ್ಲಿ ಅನುಮತಿಸಲಾದ ಬಾಗು ಬಹಳ ಕಡಿಮೆ. ಅನೇಕ ಮಾದರಿಗಳಲ್ಲಿ 0.05 ಮಿಲಿಮೀಟರ್ ಮಾತ್ರ. ಬಾಗಿದ ಹೆಡ್ ಮೇಲೆ ಕೂರಿಸಿದ ಗ್ಯಾಸ್ಕೆಟ್ ಹೆಚ್ಚು ದಿನ ಬಾಳದು.

5. ಅತಿಬಿಸಿಯ ಮೂಲ ಕಾರಣ

ಕಾರು ಬಿಸಿಯಾದದ್ದೇಕೆ ಎಂಬುದನ್ನು ಕಂಡುಕೊಳ್ಳದೆ ಗ್ಯಾಸ್ಕೆಟ್ ಮಾತ್ರ ಬದಲಿಸಿದರೆ ದೋಷ ಮರುಕಳಿಸುತ್ತದೆ. ರೇಡಿಯೇಟರ್ ಕಟ್ಟಿಕೊಂಡಿರುವುದು, ಫ್ಯಾನ್ ಸ್ವಿಚ್ ಅಥವಾ ರಿಲೇ ಕೆಟ್ಟಿರುವುದು, ವಾಟರ್ ಪಂಪ್ ಸವೆದಿರುವುದು, ಮುಚ್ಚಳದ ಸ್ಪ್ರಿಂಗ್ ಸೋತಿರುವುದು ಮತ್ತು ಥರ್ಮೋಸ್ಟಾಟ್ ತೆರೆಯದಿರುವುದು ಸಾಮಾನ್ಯ ಕಾರಣಗಳು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ, ಒತ್ತಡ ಹಿಡಿಯದ ಮುಚ್ಚಳವು ಇಲ್ಲಿ ಇನ್ನೂ ಬೇಗ ತೊಂದರೆ ಕೊಡುತ್ತದೆ.

ಕೊಳವೆ ಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ತುಂಬಿಸುವುದರಿಂದ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ತಯಾರಕರು ಸೂಚಿಸಿದ ಕೂಲೆಂಟ್ ಮತ್ತು ಶುದ್ಧೀಕರಿಸಿದ ನೀರನ್ನೇ ಬಳಸುವುದು. ಬಿಸಿ ಕಡಿಮೆ ಮಾಡಲೆಂದು ಥರ್ಮೋಸ್ಟಾಟನ್ನೇ ಕಿತ್ತುಹಾಕುವ ಪದ್ಧತಿಯೂ ಅಲ್ಲಲ್ಲಿ ಇದೆ. ಇದು ಸರಿಯಲ್ಲ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ತನ್ನ ಕೆಲಸದ ಉಷ್ಣತೆಗೆ ಬೇಗ ಬರುವುದಿಲ್ಲ. ಇಂಧನ ಹೆಚ್ಚು ಉರಿಯುತ್ತದೆ. ತಡವರಿಸುವಿಕೆಗೆ ಅದೇ ಒಂದು ಹೊಸ ಕಾರಣವಾಗುತ್ತದೆ.

6. ಎರಡನೆಯ ಹಂತ: ಬೆಂಕಿಕಿಡಿ, ಗಾಳಿ ಮತ್ತು ಇಂಧನ

ನೀರಿನ ಲೆಕ್ಕ ಸರಿಯಿದ್ದಲ್ಲಿ ಮಾತ್ರ ಈ ಹಂತಕ್ಕೆ ಬರುವುದು.

(1) ಬೆಂಕಿಕಿಡಿ: ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಚಾಲೂ ಇಟ್ಟು ದೂರದಿಂದ ನೋಡಿದಾಗ ಪ್ಲಗ್ ವೈರುಗಳ ಮೇಲೆ ನೀಲಿ ಕಿಡಿ ಕಂಡರೆ ಹೊದಿಕೆ ಸೀಳಿದೆ. ವೈರುಗಳನ್ನು ಕೈಯಿಂದ ಮುಟ್ಟತಕ್ಕದ್ದಲ್ಲ. ಎಂಜಿನ್ ತಣ್ಣಗಿದ್ದಾಗ ಸರಿಯಿದ್ದು, ಅರ್ಧ ಗಂಟೆ ಓಡಿದ ಮೇಲೆ ತಡವರಿಸಿ, ತಣಿದ ಮೇಲೆ ಮತ್ತೆ ಸರಿಹೋದರೆ ಇಗ್ನಿಷನ್ ಕಾಯಿಲ್ ಅಥವಾ ಇಗ್ನಿಷನ್ ಮಾಡ್ಯೂಲ್ ಮೇಲೆ ಶಂಕೆ ಇಡಬಹುದು. ಇವನ್ನು ದೋಷ ಕಾಣಿಸಿಕೊಂಡಿರುವ ಹೊತ್ತಿನಲ್ಲೇ ಪರೀಕ್ಷಿಸಬೇಕು. ತಣ್ಣಗಿರುವಾಗ ಅಳೆದರೆ ಸರಿಯಿದ್ದಂತೆಯೇ ಕಾಣುತ್ತವೆ.

(2) ಗಾಳಿ: ಡಿಸ್ಟ್ರಿಬ್ಯೂಟರಿಗೆ ಹೋಗುವ ನಿರ್ವಾತ ಕೊಳವೆ ಶಾಖದಿಂದ ಸೀಳಿದ್ದರೆ ಕಿಡಿಯ ಸಮಯ ಮುಂದಕ್ಕೆ ಸರಿಯದೆ ಆಕ್ಸಿಲರೇಟರ್ ತುಳಿದಾಗ ಎಂಜಿನ್ ಹಿಂಜರಿಯುತ್ತದೆ. ಬೆಲೆ ಅತ್ಯಲ್ಪವಾದ ಈ ಕೊಳವೆಯನ್ನು ದುಬಾರಿ ಭಾಗಗಳಿಗಿಂತ ಮೊದಲು ನೋಡುವುದು. ಮ್ಯಾನಿಫೋಲ್ಡ್ ಸೋರಿಕೆ ಪತ್ತೆ ಮಾಡಲು ಪೆಟ್ರೋಲ್ ಚಿಮುಕಿಸುವ ಪದ್ಧತಿಯಿಂದ ಬೆಂಕಿ ಹತ್ತುವ ಅಪಾಯವಿರುವುದರಿಂದ ಅದಕ್ಕೆ ಅವಕಾಶ ಕೊಡತಕ್ಕದ್ದಲ್ಲ.

(3) ಸಂವೇದಕ: ಇಂಧನ ಇಂಜೆಕ್ಷನ್ ಇರುವ ಕಾರುಗಳಲ್ಲಿ ಶೀತಕದ ಉಷ್ಣ ಸಂವೇದಕವು ಎಂಜಿನ್ ತಣ್ಣಗಿದೆಯೆಂದು ತಪ್ಪು ಸಂದೇಶ ಕಳುಹಿಸಿದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ. ಉಷ್ಣತೆ ಏರಿದಂತೆ ಇದರ ವಿದ್ಯುತ್ ರೋಧ ಇಳಿಯಬೇಕು. ಇಳಿಯದಿದ್ದಲ್ಲಿ ಸಂವೇದಕ ಕೆಟ್ಟಿದೆ. ಅನೇಕ ಕಾರುಗಳಲ್ಲಿ ಮುಂಫಲಕದ ಮುಳ್ಳಿಗೆ ಬೇರೆಯದೇ ಸಂವೇದಕ ಇರುವುದರಿಂದ, ಮುಳ್ಳು ಸರಿ ತೋರಿಸಿದರೂ ಈ ಪರೀಕ್ಷೆ ಅಗತ್ಯ. ವ್ಯವಸ್ಥೆಯಲ್ಲಿ ಗಾಳಿ ಸಿಕ್ಕಿಕೊಂಡಿದ್ದರೂ ಇದೇ ಪರಿಣಾಮ ಉಂಟಾಗಬಹುದಾದ್ದರಿಂದ ನೀರು ತುಂಬಿಸಿದ ನಂತರ ಗಾಳಿಯನ್ನು ಹೊರಹಾಕಿಸುವುದು.

(4) ಇಂಧನ: ಕಾರ್ಬ್ಯುರೇಟರ್ ಇರುವ ಕಾರುಗಳಲ್ಲಿ ಎಂಜಿನ್ ಬಂದ್ ಮಾಡಿ, ಏರ್ ಫಿಲ್ಟರ್ ತೆಗೆದು, ಥ್ರಾಟಲನ್ನು ಕೈಯಿಂದ ತೆರೆದಾಗ ಒಳಗೆ ಪೆಟ್ರೋಲಿನ ತೆಳು ಧಾರೆ ಚಿಮ್ಮಬೇಕು. ಚಿಮ್ಮದಿದ್ದರೆ ವೇಗವರ್ಧಕ ಪಂಪಿನ ಪೊರೆ ಹರಿದಿದೆ ಅಥವಾ ತೂತು ಕಟ್ಟಿದೆ. ಬೆಂಕಿ, ಬೀಡಿ, ಸಿಗರೇಟುಗಳನ್ನು ಸಮೀಪ ತರತಕ್ಕದ್ದಲ್ಲ. ದೇಶದಲ್ಲಿ 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವ ಗುರಿ ತಲುಪಲಾಗಿದ್ದು, ಹಳೆಯ ಕಾರುಗಳ ಇಂಧನ ಕೊಳವೆ ಹಾಗೂ ರಬ್ಬರ್ ಭಾಗಗಳನ್ನು ಈ ದೃಷ್ಟಿಯಿಂದಲೂ ಪರಿಶೀಲಿಸಿಕೊಳ್ಳುವುದು ಒಳಿತು.

(5) ಹೊಗೆಕೊಳವೆ: ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಿನಲ್ಲಿ ಕಿಡಿ ತಪ್ಪಿದ ಸಿಲಿಂಡರಿನ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು, ಅದರ ಜೇನುಗೂಡಿನಂತಹ ರಚನೆ ಕರಗಿ ಮುಚ್ಚಿಹೋಗಬಹುದು. ಐಡ್ಲಿಂಗ್‌ನಲ್ಲಿ ಸರಿಯಿದ್ದು, ವೇಗ ಹೆಚ್ಚಿದಂತೆ ಉಸಿರು ಕಟ್ಟಿದಂತಾಗುವುದು ಇದರ ಲಕ್ಷಣ.

7. ಹೊಗೆ ತಪಾಸಣೆಯ ಚೀಟಿಯನ್ನು ಓದುವ ಬಗೆ

ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರದಲ್ಲಿ ನಮೂದಾಗುವ ಎರಡು ಅಂಕಿಗಳು ದೋಷಪತ್ತೆಗೆ ನೆರವಾಗುತ್ತವೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೇ ನಿಯಮದಂತೆ ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಕಾರುಗಳಿಗೆ ನಿಗದಿಯಾದ ಮಿತಿಗಳು ಹೀಗಿವೆ:

- ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಕಾರುಗಳು: ಕಾರ್ಬನ್ ಮೊನಾಕ್ಸೈಡ್ ಶೇಕಡಾ 3.0; ಹೈಡ್ರೋಕಾರ್ಬನ್ ದಶಲಕ್ಷಕ್ಕೆ 1500 ಭಾಗ.
- ಭಾರತ್ ಸ್ಟೇಜ್ 2 ಮತ್ತು 3: ಶೇಕಡಾ 0.5, ದಶಲಕ್ಷಕ್ಕೆ 750 ಭಾಗ.
- ಭಾರತ್ ಸ್ಟೇಜ್ 4: ಶೇಕಡಾ 0.3, ದಶಲಕ್ಷಕ್ಕೆ 200 ಭಾಗ.

ಈ ಅಂಕಿಗಳನ್ನು ಕೆಳಕಂಡಂತೆ ಅರ್ಥೈಸಬಹುದು:

(ಅ) ಕಾರ್ಬನ್ ಮೊನಾಕ್ಸೈಡ್ ಮಾತ್ರ ಹೆಚ್ಚಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಅಧಿಕವಾಗಿದೆ. ಉಷ್ಣ ಸಂವೇದಕ, ಚೋಕ್, ಏರ್ ಫಿಲ್ಟರ್ ಹಾಗೂ ಥರ್ಮೋಸ್ಟಾಟ್ ಪರಿಶೀಲಿಸುವುದು.

(ಆ) ಕಾರ್ಬನ್ ಮೊನಾಕ್ಸೈಡ್ ಮಿತಿಯೊಳಗಿದ್ದು ಹೈಡ್ರೋಕಾರ್ಬನ್ ಮಾತ್ರ ಹೆಚ್ಚಿದ್ದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೊರಬರುತ್ತಿದೆ. ಪ್ಲಗ್, ವೈರು, ಗಾಳಿ ಸೋರಿಕೆ ಮತ್ತು ಸಂಪೀಡನ ಪರೀಕ್ಷಿಸುವುದು.

(ಇ) ಎರಡೂ ಮಿತಿಯೊಳಗಿದ್ದು ತಡವರಿಸುವಿಕೆ ಮುಂದುವರಿದಿದ್ದರೆ, ಐಡ್ಲಿಂಗ್‌ನಲ್ಲಿ ನಡೆಯುವ ಈ ತಪಾಸಣೆಯಲ್ಲಿ ಭಾರ ಹೊತ್ತಾಗಿನ ದೋಷ ಕಾಣಿಸಿಕೊಂಡಿಲ್ಲ ಎಂದು ತಿಳಿಯುವುದು. ಪ್ರಮಾಣಪತ್ರವು ಮಾಲಿನ್ಯದ ಪ್ರಮಾಣಕ್ಕೆ ಸಂಬಂಧಿಸಿದ್ದೇ ಹೊರತು ಎಂಜಿನ್‌ನ ಆರೋಗ್ಯಕ್ಕೆ ಖಾತರಿಯಲ್ಲ.

ಕಾರ್ಬನ್ ಮೊನಾಕ್ಸೈಡ್ ಇಳಿಸುವ ಸಲುವಾಗಿ ಕಾರ್ಬ್ಯುರೇಟರಿನ ತಿರುಪು ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿದರೆ ಚೀಟಿಯ ಅಂಕಿ ಸರಿಹೋದೀತು, ತಡವರಿಸುವಿಕೆ ಹೆಚ್ಚುತ್ತದೆ. ಆದ್ದರಿಂದ ದುರಸ್ತಿಯ ನಂತರ ತಪಾಸಣೆ ಮಾಡಿಸುವುದೇ ಸರಿಯಾದ ಕ್ರಮ.

8. ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

(1) ನವೀಕರಣದ ಅರ್ಜಿಯನ್ನು ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ ಮುಂಚಿನ 60 ದಿನಗಳೊಳಗೆ, ನೋಂದಣಿ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು. ಎಂಜಿನ್ ದುರಸ್ತಿ ಬಾಕಿಯಿದ್ದಲ್ಲಿ ಈ ಅವಧಿಯ ಆರಂಭದಲ್ಲೇ ಅದನ್ನು ಮುಗಿಸಿಕೊಳ್ಳುವುದು.

(2) ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮೆ ಮತ್ತು ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರಗಳನ್ನು ಸಿದ್ಧವಾಗಿಟ್ಟುಕೊಂಡು, ಅನ್ವಯಿಸುವ ಶುಲ್ಕ ಮತ್ತು ತೆರಿಗೆಯನ್ನು ಪಾವತಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು. ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ಕಾರುಗಳಿಗೆ ಮಾಲಿನ್ಯ ಪ್ರಮಾಣಪತ್ರದ ಅವಧಿ ಆರು ತಿಂಗಳು.

(3) ಹೆಡ್ ಗ್ಯಾಸ್ಕೆಟ್, ರೇಡಿಯೇಟರ್ ಇತ್ಯಾದಿ ಬದಲಾವಣೆಯನ್ನು ನೋಂದಣಿ ಪತ್ರದಲ್ಲಿ ನಮೂದಿಸಬೇಕಾಗಿಲ್ಲ. ಎಂಜಿನ್ನನ್ನೇ ಬದಲಿಸಿದಲ್ಲಿ ಕಾಯ್ದೆಯ 52ನೇ ಪ್ರಕರಣದಂತೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. ಎಂಜಿನ್ ಸಂಖ್ಯೆಯು ಪತ್ರದಲ್ಲಿರುವುದಕ್ಕೆ ತಾಳೆಯಾಗದಿದ್ದಲ್ಲಿ ನವೀಕರಣಕ್ಕೆ ಅಡ್ಡಿಯಾಗುತ್ತದೆ.

(4) ದುರಸ್ತಿ ಮಾಡಿಸುವಾಗ ಕೆಲಸದ ವಿವರವುಳ್ಳ ಬಿಲ್ಲನ್ನೂ ಬದಲಿಸಿದ ಹಳೆಯ ಭಾಗಗಳನ್ನೂ ಕೇಳಿ ಪಡೆಯುವುದು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪ್ರತಿದಿನ ಸ್ವಲ್ಪ ನೀರು ಸೇರಿಸಿಕೊಂಡು ಕಾರು ಓಡಿಸಬಹುದೇ?
ಉತ್ತರ: ಓಡಿಸಬಾರದು. ನೀರು ಎಲ್ಲಿಗೆ ಹೋಗುತ್ತಿದೆ ಎಂಬುದು ತಿಳಿಯುವವರೆಗೆ ದೂರ ಪ್ರಯಾಣವನ್ನೂ ಘಟ್ಟ ಪ್ರಯಾಣವನ್ನೂ ಕೈಬಿಡತಕ್ಕದ್ದು. ನೀರು ಆಯಿಲ್‌ಗೆ ಸೇರಿದರೆ ಬೇರಿಂಗುಗಳು ಬೇಗ ಹಾಳಾಗುತ್ತವೆ.

ಪ್ರಶ್ನೆ: ಸೋರಿಕೆ ಮುಚ್ಚುವ ದ್ರಾವಣವನ್ನು ರೇಡಿಯೇಟರಿಗೆ ಹಾಕಬಹುದೇ?
ಉತ್ತರ: ಅದು ಶಾಶ್ವತ ಪರಿಹಾರವಲ್ಲ. ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಅದು ಮುಚ್ಚಿಬಿಡುವ ಸಂಭವವಿದ್ದು, ಮತ್ತೆ ಅತಿಬಿಸಿಗೆ ಕಾರಣವಾಗಬಹುದು.

ಪ್ರಶ್ನೆ: ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಇಟ್ಟು ಪರೀಕ್ಷಿಸಬಹುದೇ?
ಉತ್ತರ: ಕೂಡದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ, ಅದು ಪ್ರಾಣಾಪಾಯಕಾರಿ. ಎಲ್ಲ ಪರೀಕ್ಷೆಗಳನ್ನೂ ಬಯಲಿನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಮಾಡುವುದು.

ಪ್ರಶ್ನೆ: ಮಾಲಿನ್ಯ ಮಿತಿ ಮೀರಿದ ವಾಹನವನ್ನು ಓಡಿಸಿದರೆ ಏನಾಗುತ್ತದೆ?
ಉತ್ತರ: 2019ರ ತಿದ್ದುಪಡಿಯ ನಂತರ ಕಾಯ್ದೆಯ 190(2)ನೇ ಪ್ರಕರಣದ ಮೇರೆಗೆ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗೆ ಕಾರಾವಾಸ ಅಥವಾ 10,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಚಾಲನಾ ಪರವಾನಗಿಗೂ ಮೂರು ತಿಂಗಳ ಅನರ್ಹತೆ ಉಂಟಾಗುತ್ತದೆ.

ಸೂಚನೆ: ಈ ಪುಟದ ತಾಂತ್ರಿಕ ವಿವರಗಳು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಇವೆ. ಆಯಾ ಮಾದರಿಯ ಅಳತೆಗಳಿಗೆ ತಯಾರಕರ ಕೈಪಿಡಿಯನ್ನೂ, ಕಾನೂನಿನ ವಿಷಯಗಳಿಗೆ ಕಾಯ್ದೆ ಹಾಗೂ ನಿಯಮಗಳ ಮೂಲ ಪಠ್ಯವನ್ನೂ ಅನುಸರಿಸತಕ್ಕದ್ದು. ವಾಹನ ಮಾಲೀಕರು ದೋಷವನ್ನು ಸಕಾಲದಲ್ಲಿ ಸರಿಪಡಿಸಿಕೊಂಡು ರಸ್ತೆ ಸುರಕ್ಷತೆಗೆ ಸಹಕರಿಸಬೇಕಾಗಿ ಕೋರಲಾಗಿದೆ.